ಮಳೆ ಹಿಡಿಯುವ ಮೊದಲು ಬೆಕ್ಕಿಗಾಗಿ ಮಾಡಿಕೊಳ್ಳುವ ಸಿದ್ಧತೆ

ಹೊಸನಗರದ ಕಡೆ ಮಳೆ ಒಮ್ಮೆ ಹಿಡಿಯಿತೆಂದರೆ ಹಳ್ಳ ತುಂಬುತ್ತದೆ, ರಸ್ತೆಗೆ ಮರ ಬೀಳುತ್ತದೆ, ಕರೆಂಟು ಹೋಗುತ್ತದೆ, ಅದರ ಹಿಂದೆಯೇ ಮೊಬೈಲ್ ಸಿಗ್ನಲ್ಲೂ ಹೋಗುತ್ತದೆ. ಬೆಕ್ಕು ಊಟ ಬಿಟ್ಟು ಅಟ್ಟದ ಮೂಲೆ ಸೇರುವುದು ಇಂಥ ದಿನಗಳಲ್ಲೇ. ಪೇಟೆಯವರು ಆಟೋ ಹತ್ತಿ ಪಶುವೈದ್ಯರ ಬಳಿ ಹೋಗಬಹುದು. ತೋಟದ ಮನೆಯವರು ಮೇ ತಿಂಗಳಲ್ಲೇ ತಯಾರಾಗಿರಬೇಕು. ಸೌದೆ ಒಳಗಿಟ್ಟು, ಹಪ್ಪಳ ಒಣಗಿಸುವ ದಿನಗಳಲ್ಲೇ ನಾನು ಕೆಂಚ ಮತ್ತು ಬೆಳ್ಳಿ ಎಂಬ ನಮ್ಮ ಎರಡು ಬೆಕ್ಕುಗಳ ಕೆಲಸವನ್ನೂ ಮುಗಿಸಿಕೊಳ್ಳುತ್ತೇನೆ.

ಔಷಧಿ ತರುವ ಮೊದಲು ಒಂದು ನೋಟ್‌ಬುಕ್ ಇಡಿ. ಬೆಕ್ಕು ಆರೋಗ್ಯವಾಗಿರುವಾಗ ಹೇಗಿರುತ್ತದೆ ಎಂಬುದು ಅದರಲ್ಲಿರಲಿ. ಅಡಿಕೆ ತೂಗುವ ತಕ್ಕಡಿಗೆ ಬೆಕ್ಕನ್ನು ಬುಟ್ಟಿ ಸಮೇತ ತೂಗುಹಾಕಿ, ಬುಟ್ಟಿಯ ತೂಕ ಕಳೆಯಿರಿ. ನಿದ್ದೆಯಲ್ಲಿರುವಾಗ ಪಕ್ಕೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ, 30ರ ಒಳಗಿರಬೇಕು. ತುಟಿ ಎತ್ತಿ ಒಸಡು ನೋಡಿ. ತೆಳು ಗುಲಾಬಿ ಬಣ್ಣವಿರಬೇಕು, ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಡಿಜಿಟಲ್ ಥರ್ಮಾಮೀಟರಿನ ತುದಿಗೆ ವ್ಯಾಸಲೀನ್ ಹಚ್ಚಿ ಗುದದ್ವಾರದಲ್ಲಿ ನೋಡಿದರೆ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ಮನುಷ್ಯರ ಲೆಕ್ಕ ಹಿಡಿದು 101 ಬಂತೆಂದು ಗಾಬರಿಯಾಗಬೇಡಿ. ಬೆಕ್ಕು ನೋವನ್ನು ಅಡಗಿಸಿಡುವ ಪ್ರಾಣಿ. ಮುಖ ನೋಡಿ ಏನೂ ತಿಳಿಯದಿದ್ದಾಗ ತೂಕ ಇಳಿದಿರುವುದೋ ಉಸಿರು ಹೆಚ್ಚಿರುವುದೋ ಮೊದಲು ಗೊತ್ತಾಗುವುದು ಈ ಪುಟದಿಂದಲೇ.

ಇನ್ನು ಊಟ. ನಮ್ಮ ಕಡೆಯ ಸಸ್ಯಾಹಾರಿ ಮನೆಗಳಲ್ಲಿ ಬೆಕ್ಕಿಗೆ ಹಾಲನ್ನ ಹಾಕಿದರೆ ಮುಗಿಯಿತು, ಉಳಿದದ್ದನ್ನು ಇಲಿ ಹಿಡಿದು ಪೂರೈಸಿಕೊಳ್ಳುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ಇದನ್ನು ನಾನು ಒಪ್ಪುವುದಿಲ್ಲ. ನಾವು ಮಾಂಸ ತಿನ್ನದಿರುವುದು ನಮ್ಮ ಆಯ್ಕೆ, ಬೆಕ್ಕಿನ ದೇಹಕ್ಕೆ ಆ ಆಯ್ಕೆ ಇಲ್ಲ. ಟಾರಿನ್ ಎಂಬ ಪೋಷಕಾಂಶವನ್ನು ಅದು ಸಾಕಷ್ಟು ತಯಾರಿಸಿಕೊಳ್ಳಲಾರದು. ಮಾಂಸ, ಮೀನುಗಳಿಂದಲೇ ಪಡೆಯಬೇಕು. ಅದು ಕಡಿಮೆಯಾದರೆ ಕಣ್ಣಿನ ಅಕ್ಷಿಪಟಲ ಹಾಳಾಗುತ್ತದೆ, ಹೃದಯದ ಸ್ನಾಯು ಸಡಿಲವಾಗಿ ಹಿಗ್ಗುತ್ತದೆ. ಟಾರಿನ್ ಕೊರತೆಗೂ ಈ ಹೃದ್ರೋಗಕ್ಕೂ ಇರುವ ನಂಟು 1987ರಲ್ಲಿ ಪ್ರಕಟವಾದ ಮೇಲೆ ಸಿದ್ಧ ಆಹಾರ ತಯಾರಿಸುವವರು ಅದನ್ನು ಹೆಚ್ಚು ಸೇರಿಸತೊಡಗಿದರು. ಕ್ಯಾರೆಟ್ಟಿನಲ್ಲಿರುವ ಬಣ್ಣದ ಅಂಶವನ್ನು ನಾವು ಎ ಜೀವಸತ್ವವಾಗಿ ಬದಲಿಸಿಕೊಳ್ಳುತ್ತೇವೆ, ಬೆಕ್ಕಿಗೆ ಅದೂ ಸಾಧ್ಯವಿಲ್ಲ. ಹಾಲಿನ ವಿಷಯ ಬೇರೆಯೇ: ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಅದು ಜೀರ್ಣವಾಗದೆ ಭೇದಿಯಾಗುತ್ತದೆ.

ಅಡುಗೆಮನೆಗೆ ಮಾಂಸ ತರಲು ಒಪ್ಪದವರಿಗೆ ಅಂಗಡಿಯ ಒಣ ಆಹಾರವೇ ಸುಲಭದ ದಾರಿ. ನಮ್ಮ ಅತ್ತೆಯವರು ಒಪ್ಪಿದ್ದು ಹಾಗೆಯೇ: ಡಬ್ಬಿ ಹಿಂದಿನ ಜಗಲಿಯಲ್ಲಿ, ತಟ್ಟೆಯೂ ಅಲ್ಲೇ, ತೊಳೆಯುವುದು ಹೊರಗಿನ ನಲ್ಲಿಯಲ್ಲಿ. ಪೊಟ್ಟಣದ ಮೇಲೆ ಬೆಕ್ಕಿನ ಸಂಪೂರ್ಣ ಆಹಾರ ಎಂದಿರಬೇಕು, ಪದಾರ್ಥಗಳ ಪಟ್ಟಿಯಲ್ಲಿ ಟಾರಿನ್ ಇರಬೇಕು. ಅಗ್ಗವೆಂದು ನಾಯಿಯ ಆಹಾರ ಹಾಕಬೇಡಿ. ದೊಡ್ಡ ಚೀಲಕ್ಕಿಂತ ಸಣ್ಣ ಪೊಟ್ಟಣಗಳೇ ಮಲೆನಾಡಿಗೆ ಸರಿ. ಜುಲೈನ ಥಂಡಿಯಲ್ಲಿ ತೆರೆದ ಚೀಲ ಬೂಷ್ಟು ಹಿಡಿಯಲು ಹೆಚ್ಚು ದಿನ ಬೇಡ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿ, ರಸ್ತೆ ಕಟ್ಟಿದರೂ ಒಂದು ತಿಂಗಳಿಗೆ ಸಾಲುವಷ್ಟು ಇರಲಿ. ಒಣ ಆಹಾರ ತಿನ್ನುವ ಬೆಕ್ಕಿಗೆ ನೀರು ಹೆಚ್ಚು ಬೇಕು. ಅಗಲ ಬಾಯಿಯ ಪಾತ್ರೆಗಳನ್ನು ಎರಡು ಮೂರು ಕಡೆ ಇಡಿ.

ಮಾಂಸ ಬೇಯಿಸುವ ಮನೆಯವರು ಕೋಳಿಯ ಜೊತೆ ಅದರ ಹೃದಯವನ್ನೂ ಹಾಕಿ, ಟಾರಿನ್ ಅದರಲ್ಲಿ ಹೆಚ್ಚು. ಪಿತ್ತಜನಕಾಂಗ ಸ್ವಲ್ಪವೇ ಸಾಕು, ದಿನವೂ ಹಾಕಿದರೆ ಎ ಜೀವಸತ್ವ ವಿಪರೀತವಾಗುತ್ತದೆ. ಬರೀ ಮಾಂಸದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ, ಆದ್ದರಿಂದ ಸಿದ್ಧ ಆಹಾರವನ್ನೂ ಜೊತೆಗಿಡುವುದು ಒಳ್ಳೆಯದು. ಹೊಳೆಮೀನನ್ನು ಬೇಯಿಸಿ, ಮುಳ್ಳು ತೆಗೆದೇ ಕೊಡಿ; ಕೆಲವು ಹಸಿ ಮೀನುಗಳು ಬಿ1 ಜೀವಸತ್ವವನ್ನು ನಾಶಮಾಡುತ್ತವೆ. ಉಳಿದ ಸಾರು ಬೇಡವೇ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ಕಾಯಿಲೆಯ ಬೆಕ್ಕಿಗೆ ಉಣ್ಣಿಸುವುದನ್ನು ಬೆಕ್ಕು ಆರೋಗ್ಯವಾಗಿರುವಾಗಲೇ ಕಲಿತುಕೊಳ್ಳಬೇಕು. ಸೂಜಿಯಿಲ್ಲದ 5 ಮಿ.ಲೀ. ಸಿರಿಂಜಿನಲ್ಲಿ ಉಪ್ಪು ಖಾರವಿಲ್ಲದ ಕೋಳಿ ಬೇಯಿಸಿದ ನೀರನ್ನೋ ಒಣ ಆಹಾರ ನೆನೆಸಿದ ನೀರನ್ನೋ ಆಗಾಗ ನೆಕ್ಕಿಸಿ, ಸಿರಿಂಜೆಂದರೆ ರುಚಿ ಎಂದು ಅದಕ್ಕೆ ಗೊತ್ತಾಗಲಿ. ಉಣ್ಣಿಸುವಾಗ ಬೆಕ್ಕು ಹೊಟ್ಟೆ ನೆಲಕ್ಕೆ ತಾಗುವಂತೆ ಸಹಜವಾಗಿ ಕುಳಿತಿರಬೇಕು, ತಲೆ ಎತ್ತಿ ಹಿಡಿಯಬಾರದು. ಕೋರೆಹಲ್ಲಿನ ಹಿಂದಿನ ಸಂದಿನಿಂದ ಸಿರಿಂಜಿನ ತುದಿ ತೂರಿಸಿ ಒಂದು ಮಿ.ಲೀ.ಯಷ್ಟು ಬಿಡಿ, ನುಂಗಿದ ಮೇಲೆ ಮುಂದಿನದು. ಅವಸರ ಮಾಡಿದರೆ ಆಹಾರ ಶ್ವಾಸಕೋಶಕ್ಕೆ ಹೋಗುತ್ತದೆ. ವಾಂತಿ ಮಾಡುತ್ತಿರುವ, ಏದುಸಿರು ಬಿಡುತ್ತಿರುವ, ಪ್ರಜ್ಞೆ ಮಂಕಾಗಿರುವ ಬೆಕ್ಕಿಗೆ ಹೀಗೆ ಉಣ್ಣಿಸಲೇಬಾರದು.

ಸಿರಿಂಜಿಗೆ ಮೊದಲು ವಾಸನೆಯಿಂದ ಪ್ರಯತ್ನಿಸಿ. ನೆಗಡಿಯಾದ ಬೆಕ್ಕು ಮೂಸಲಾರದೆ ಊಟ ಬಿಡುತ್ತದೆ. ಮೂಗನ್ನು ಬಿಸಿನೀರಿನ ಬಟ್ಟೆಯಿಂದ ಒರೆಸಿ, ಊಟವನ್ನು ಉಗುರುಬೆಚ್ಚಗೆ ಮಾಡಿ ಕೊಟ್ಟರೆ ಎಷ್ಟೋ ಸಲ ಅದೇ ತಿನ್ನುತ್ತದೆ. ಆಗದಿದ್ದರೆ ಒಣ ಆಹಾರವನ್ನು ಬಿಸಿನೀರಿನಲ್ಲಿ ನೆನೆಸಿ ಅರೆದು ಸೋಸಿ, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಐದಾರು ಸಲ ಕೊಡಿ. ಸುಮ್ಮನೆ ಮಲಗಿರುವ 4 ಕೆ.ಜಿ. ಬೆಕ್ಕಿಗೂ ದಿನಕ್ಕೆ ಸುಮಾರು 200 ಕಿಲೊಕ್ಯಾಲೊರಿ ಬೇಕು. ಲಂಘನಂ ಪರಮೌಷಧಂ ಎಂದು ಬಿಡುವ ಹಾಗಿಲ್ಲ. ಕೆಲವೇ ದಿನ ಉಪವಾಸವಿದ್ದರೂ, ಅದರಲ್ಲೂ ದಪ್ಪ ಬೆಕ್ಕಾದರೆ, ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಬರುತ್ತದೆ. ಪೂರ್ತಿ ಒಂದು ದಿನ ತಿನ್ನದಿದ್ದರೆ ವೈದ್ಯರಿಗೆ ಫೋನ್ ಮಾಡಿ.

ಬೆಕ್ಕಿನ ಡಬ್ಬಿಯಲ್ಲಿ ಥರ್ಮಾಮೀಟರ್, ಸಿರಿಂಜುಗಳು, ಗಾಜ್ ಬಟ್ಟೆ, ಸಲೈನ್ ಬಾಟಲಿ, ಪೊವಿಡೋನ್ ಅಯೋಡಿನ್, ಚಿಮುಟ, ಕೈಗವಸು, ಟಾರ್ಚ್, ದಪ್ಪ ಟವೆಲ್ ಸಾಕು. ಗಾಯವನ್ನು ಸಲೈನಿನಲ್ಲಿ ತೊಳೆದು, ಅಯೋಡಿನ್ನನ್ನು ತಿಳಿ ಚಹಾದ ಬಣ್ಣ ಬರುವಷ್ಟು ನೀರು ಮಾಡಿ ಹಚ್ಚಿ. ಮಳೆಗಾಲದಲ್ಲಿ ಗಾಯಕ್ಕೆ ಹುಳು ಬೀಳುವುದು ಬೇಗ, ಆದ್ದರಿಂದ ದಿನವೂ ಕೂದಲು ಸರಿಸಿ ನೋಡಿ.

ಆ ಡಬ್ಬಿಗೆ ಏನು ಸೇರಬಾರದು ಎಂಬುದು ಇನ್ನೂ ಮುಖ್ಯ. ಮನೆಯವರ ಜ್ವರದ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ತೀರಾ ಕಡಿಮೆ. ಡೆಟಾಲ್, ಫಿನಾಯಿಲ್, ದನದ ಗಾಯದ ಹುಳುವಿಗೆ ಹಾಕುವ ಟರ್ಪೆಂಟೈನ್ ಎಲ್ಲವೂ ನೆಕ್ಕಿದರೆ ವಿಷ. ಉಣುಗಿನ ಔಷಧದಲ್ಲಂತೂ ಬಹಳ ಎಚ್ಚರ ಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ, ಉಣುಗಿನಿಂದ ಹರಡುವ ಮಂಗನ ಕಾಯಿಲೆ ಪತ್ತೆಯಾದ ಜಿಲ್ಲೆ ನಮ್ಮದು, ಬೇಸಿಗೆಯಲ್ಲಿ ಉಣುಗೆಂದರೆ ಎಲ್ಲರಿಗೂ ಭಯ. ಆ ಭಯದಲ್ಲಿ ಕೊಟ್ಟಿಗೆಗೆ ಹೊಡೆಯುವ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಅಥವಾ ನಾಯಿಗೆ ಹಾಕುವ ಪರ್ಮೆಥ್ರಿನ್ ಹನಿಯನ್ನು ಬೆಕ್ಕಿಗೆ ಹಾಕಿದರೆ ಅದು ಗಡಗಡ ನಡುಗಿ ಸೆಳೆತಕ್ಕೆ ಬೀಳುತ್ತದೆ. ಬೆಕ್ಕಿಗೆಂದೇ ಇರುವ ಔಷಧವನ್ನು ವೈದ್ಯರಿಂದ ಪಡೆಯಿರಿ. ಕಚ್ಚಿದ ಉಣುಗನ್ನು ಕೈಗವಸು ಹಾಕಿ ಚಿಮುಟದಿಂದ ಚರ್ಮದ ಬುಡದಲ್ಲೇ ಹಿಡಿದು ನೇರ ಎಳೆಯಿರಿ, ಉಗುರಿನಲ್ಲಿ ಕುಕ್ಕಬೇಡಿ. ಅಡಿಕೆಗೆ ಮೈಲುತುತ್ತಿನ ಬೋರ್ಡೋ ದ್ರಾವಣ ಹೊಡೆಯುವ ದಿನ ಬೆಕ್ಕನ್ನು ಒಳಗೇ ಕೂಡಿಹಾಕಿ. ಮೈಲುತುತ್ತು ಮೆತ್ತಿದ ಪಾದ ಕಂಡರೆ ಅದು ನೆಕ್ಕುವ ಮೊದಲೇ ತೊಳೆಯಿರಿ.

ಮರಿಗಳಿಗೆ ಆರೆಂಟು ವಾರಕ್ಕೆ ಲಸಿಕೆ ಶುರುಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೂ ಮುಂದುವರಿಸಬೇಕು. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಜಂತುಹುಳುವಿನ ಔಷಧವೂ ಮಳೆಗೆ ಮೊದಲೇ ಆಗಲಿ. ಒಳಗೊಂದು ಅಗಲ ತಟ್ಟೆಯಲ್ಲಿ ಮರಳೋ ಮರದ ಹೊಟ್ಟೋ ತುಂಬಿಡಿ. ಮಳೆಯಲ್ಲಿ ಬೆಕ್ಕು ಹೊರಗೆ ಹೋಗಲು ಹಿಂಜರಿಯುತ್ತದೆ ಎಂಬುದೊಂದೇ ಕಾರಣವಲ್ಲ, ಉಚ್ಚೆ ಆಗಿದೆಯೋ ಇಲ್ಲವೋ ನಿಮಗೆ ಗೊತ್ತಾಗುವುದೂ ಆಗಲೇ. ಗಂಡುಬೆಕ್ಕು ಮತ್ತೆ ಮತ್ತೆ ಕುಳಿತು ತಿಣುಕಿದರೂ ಉಚ್ಚೆ ಬಾರದಿದ್ದರೆ ಮೂತ್ರನಾಳ ಕಟ್ಟಿದೆ ಎಂದರ್ಥ, ಒಂದೆರಡು ದಿನದಲ್ಲಿ ಸಾಯಬಹುದು. ಬಾಯಿ ತೆರೆದು ಉಸಿರಾಡುವುದು, ಒಸಡು ಬಿಳಿಚುವುದು, ಮರಿಗೆ ವಾಂತಿ ನಿಲ್ಲದಿರುವುದು, ಇಲಿಪಾಷಾಣ ತಿಂದ ಅನುಮಾನ ಇವು ಯಾವುವೂ ಮನೆಮದ್ದಿಗೆ ಬಗ್ಗುವುದಿಲ್ಲ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗದೆ ಹೊರಡಿ.

ಹೊರಡಲು ಬುಟ್ಟಿ ಬೇಕು. ಬಾಗಿಲಿರುವ ಬುಟ್ಟಿಯನ್ನು ಹಳೆಯ ಸೀರೆ ಹಾಸಿ ಈಗಲೇ ಜಗಲಿಯಲ್ಲಿ ತೆರೆದಿಟ್ಟರೆ ಬೆಕ್ಕು ಅಲ್ಲೇ ಮಲಗಿ ಅಭ್ಯಾಸವಾಗುತ್ತದೆ. ತಾಲ್ಲೂಕಿನ ಪಶು ಆಸ್ಪತ್ರೆಯ ಫೋನ್ ನಂಬರನ್ನು ಗೋಡೆಗೆ ಅಂಟಿಸಿ. ಅಲ್ಲಿ ಆಗದ್ದಕ್ಕೆ ಶಿವಮೊಗ್ಗದ ವಿನೋಬನಗರದ ಪಶುವೈದ್ಯಕೀಯ ಕಾಲೇಜಿದೆ. ಹೋಗುವಾಗ ನೋಟ್‌ಬುಕ್, ಲಸಿಕೆಯ ಕಾರ್ಡು, ವಿಷದ ಅನುಮಾನವಿದ್ದರೆ ಅದರ ಪೊಟ್ಟಣವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬುಟ್ಟಿಯ ಜೊತೆಗೇ ಇಟ್ಟುಕೊಳ್ಳಿ.