ತೊಗರಿ ಧಾರಣೆಯ ಚಾರ್ಟ್ ದಾರಿ ತಪ್ಪಿದರೆ: ಎಕ್ಸೆಲ್‌ನಲ್ಲಿ ತಾರೀಖು ಸರಿಪಡಿಸುವ ಬಗೆ

ಕಲಬುರಗಿ ಗಂಜ್‌ನ (ಕೃಷಿ ಮಾರುಕಟ್ಟೆಯ) ತೊಗರಿ ಧಾರಣೆಯನ್ನು ವರ್ಷಪೂರ್ತಿ ಬರೆದಿಟ್ಟ ಹಾಳೆಯಲ್ಲಿ ತಾರೀಖುಗಳು ಒಂದೇ ಸಮ ಇರುವುದಿಲ್ಲ. ಜನವರಿ, ಫೆಬ್ರುವರಿಯಲ್ಲಿ ಆವಕ ಜೋರು. ಆಗ ಭಾನುವಾರ, ಹಬ್ಬದ ರಜೆ ಬಿಟ್ಟರೆ ದಿನಾ ಒಂದು ಸಾಲು ಬೀಳುತ್ತದೆ. ಮಳೆಗಾಲಕ್ಕೆ ಅದು ವಾರಕ್ಕೊಂದು, ಹದಿನೈದು ದಿನಕ್ಕೊಂದು ಆಗುತ್ತದೆ. ಇದರ ಮೇಲೆ ಲೈನ್ ಚಾರ್ಟ್ ಎಳೆದಾಗ ಜನವರಿಯೊಂದೇ ಅರ್ಧ ಜಾಗ ತಿಂದು, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನದು ಮೂಲೆಯಲ್ಲಿ ಮುದುಡಿಕೊಂಡಿದ್ದರೆ, ಎಕ್ಸೆಲ್ ನಿಮ್ಮ ತಾರೀಖುಗಳನ್ನು ಬರೀ ಹೆಸರುಗಳಂತೆ ಸಾಲಾಗಿ ಜೋಡಿಸಿದೆ ಎಂದರ್ಥ. ಎರಡು ತಿಂಗಳಲ್ಲಿ ನಿಧಾನವಾಗಿ ಏರಿದ ದರ ಒಂದೇ ದಿನ ಜಿಗಿದಂತೆ ಕಾಣುತ್ತದೆ. ಮಾಲು ಇಟ್ಟುಕೊಳ್ಳಬೇಕೋ ಮಾರಬೇಕೋ ಎಂದು ಯೋಚಿಸುವ ರೈತರ ಮುಂದೆ ಇಂಥ ಚಾರ್ಟ್ ಇಡಬಾರದು.

ಚಾರ್ಟ್ ಮುಟ್ಟುವ ಮೊದಲು ತಾರೀಖಿನ ಕಾಲಂ ನೋಡಿ. ಎಕ್ಸೆಲ್‌ಗೆ ತಾರೀಖು ಎಂದರೆ ಒಂದು ಸಂಖ್ಯೆ. 1900ರ ಜನವರಿ 1ಕ್ಕೆ 1, 2025ರ ಜನವರಿ 1ಕ್ಕೆ 45658. ಪಕ್ಕದ ಖಾಲಿ ಕಾಲಂನಲ್ಲಿ, ಕೋಶದಲ್ಲಿರುವುದು ಸಂಖ್ಯೆಯೇ ಎಂದು ಹೇಳುವ ಇಸ್‌ನಂಬರ್ (ISNUMBER) ಫಾರ್ಮುಲಾ ಹಾಕಿ ಕೆಳತನಕ ಎಳೆಯಿರಿ. ಫಾಲ್ಸ್ ಬಂದ ಸಾಲುಗಳಲ್ಲಿ ಇರುವುದು ತಾರೀಖಲ್ಲ, ಬರೀ ಅಕ್ಷರ. ನಮ್ಮ ಕಡೆ ಇದಕ್ಕೆ ಸಾಮಾನ್ಯ ಕಾರಣ ಚುಕ್ಕೆ: ಕಚೇರಿ ರೂಢಿಯಂತೆ 13.01.2025 ಎಂದು ಹೊಡೆದರೆ ಇಂಡಿಯಾ ಸೆಟ್ಟಿಂಗ್‌ನ ಎಕ್ಸೆಲ್ ಅದನ್ನು ತಾರೀಖೆಂದು ಒಪ್ಪುವುದಿಲ್ಲ. ಕನ್ನಡ ಅಂಕಿಯಲ್ಲಿ ಹೊಡೆದದ್ದು, ಬೇರೆ ಕಡೆಯಿಂದ ಕಾಪಿ ಮಾಡುವಾಗ ಕೊನೆಗೆ ಅಂಟಿಕೊಂಡ ಸ್ಪೇಸ್ ಕೂಡ ಇದೇ ತೊಂದರೆ ಕೊಡುತ್ತವೆ.

ಚುಕ್ಕೆಯ ತಾರೀಖಿಗೆ ಮದ್ದು ಸುಲಭ. ಕಾಲಂ ಆರಿಸಿ, ಡೇಟಾ ಟ್ಯಾಬ್‌ನಲ್ಲಿ ಟೆಕ್ಸ್ಟ್ ಟು ಕಾಲಮ್ಸ್ ಒತ್ತಿ. ಡಿಲಿಮಿಟೆಡ್ ಇಟ್ಟು ಮುಂದೆ ಹೋಗಿ, ಎರಡನೇ ಹಂತದಲ್ಲಿ ಎಲ್ಲ ಟಿಕ್ ತೆಗೆಯಿರಿ. ಮೂರನೇ ಹಂತದಲ್ಲಿ ಡೇಟ್ ಆರಿಸಿ, ಪಕ್ಕದಲ್ಲಿ ಡಿಎಂವೈ (DMY, ಅಂದರೆ ದಿನ-ತಿಂಗಳು-ವರ್ಷ) ಇಟ್ಟು ಫಿನಿಶ್ ಕೊಡಿ.

ಇದಕ್ಕಿಂತ ಕೆಟ್ಟದ್ದು ಫಾರ್ಮುಲಾಕ್ಕೂ ಸಿಗದ ತಪ್ಪು. ಕಂಪ್ಯೂಟರಿನ ರೀಜನ್ ಅಮೆರಿಕಾದ್ದಾಗಿದ್ದರೆ 05-01-2025 ಎಂಬುದು ಜನವರಿ 5 ಆಗದೆ ಮೇ 1 ಆಗುತ್ತದೆ. 13-01-2025ಕ್ಕೆ ಹದಿಮೂರನೇ ತಿಂಗಳಿಲ್ಲದ ಕಾರಣ ಅದು ಅಕ್ಷರವಾಗಿಯೇ ಉಳಿಯುತ್ತದೆ. ಚಾರ್ಟಿನಲ್ಲಿ ಇದರ ಗುರುತು ಸ್ಪಷ್ಟ: ಜನವರಿಯ ಮೊದಲ ಹನ್ನೆರಡು ದಿನಗಳ ದರ ಪ್ರತಿ ತಿಂಗಳ 1ನೇ ತಾರೀಖಿಗೆ ಒಂದೊಂದಾಗಿ ಚದುರಿರುತ್ತದೆ, ಫೆಬ್ರುವರಿಯದು ಪ್ರತಿ ತಿಂಗಳ 2ನೇ ತಾರೀಖಿಗೆ. ಇನ್ನೂ ಬಾರದ ತಿಂಗಳಲ್ಲೂ ದರ ಕಾಣಿಸಿದರೆ ಅನುಮಾನವೇ ಬೇಡ. ಹೀಗಾದ ಮೇಲೆ ಟೆಕ್ಸ್ಟ್ ಟು ಕಾಲಮ್ಸ್ ಆ ಸಾಲುಗಳನ್ನು ತಿದ್ದಲಾರದು. ಹೊಸ ಹಾಳೆಯಲ್ಲಿ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಫಾರ್ಮ್ಯಾಟ್‌ಗೆ ಇಟ್ಟು, ಮೂಲ ದತ್ತಾಂಶವನ್ನು ಬರೀ ಪಠ್ಯವಾಗಿ ಪೇಸ್ಟ್ ಮಾಡಿ, ಆಮೇಲೆ ಡಿಎಂವೈ ಕೊಡಿ. ವಿಂಡೋಸ್ ರೀಜನ್ ಅನ್ನು ಇಂಗ್ಲಿಷ್ (ಇಂಡಿಯಾ) ಮಾಡಿದರೆ ಇದು ಮತ್ತೆ ಮರುಕಳಿಸದು.

ಇನ್ನು ಚಾರ್ಟ್. ಒಂದೇ ಮಾರುಕಟ್ಟೆಯಾದರೆ ಲೈನ್ ಚಾರ್ಟ್ ಸಾಕು. ಕೆಳಗಿನ ಅಕ್ಷದ ಮೇಲೆ ರೈಟ್ ಕ್ಲಿಕ್ ಮಾಡಿ, ಫಾರ್ಮ್ಯಾಟ್ ಆಕ್ಸಿಸ್‌ನಲ್ಲಿ ಡೇಟ್ ಆಕ್ಸಿಸ್ ಆರಿಸಿ, ಬೇಸ್‌ಗೆ ಡೇಸ್, ಮೇಜರ್‌ಗೆ 1 ಮಂತ್ ಕೊಡಿ. ಲಿಬ್ರೆ ಆಫೀಸ್‌ನಲ್ಲಿ ಇದು ಅಕ್ಷದ ಸ್ಕೇಲ್ ಟ್ಯಾಬ್‌ನಲ್ಲಿ ಸಿಗುತ್ತದೆ.

ಕಲಬುರಗಿ ಜೊತೆ ಯಾದಗಿರಿ ದರವನ್ನೂ ಸೇರಿಸುವುದಾದರೆ ಲೈನ್ ಚಾರ್ಟ್ ಬೇಡ. ಅದು ಎರಡಕ್ಕೂ ಮೊದಲ ಮಾರುಕಟ್ಟೆಯ ತಾರೀಖುಗಳನ್ನೇ ಹಚ್ಚುತ್ತದೆ, ಯಾದಗಿರಿಯ ದರ ಕಲಬುರಗಿಯ ದಿನಗಳ ಮೇಲೆ ಕೂರುತ್ತದೆ. ಗೆರೆಯಿರುವ ಸ್ಕ್ಯಾಟರ್ ಚಾರ್ಟ್ ಹಾಕಿ, ಪ್ರತಿ ಮಾರುಕಟ್ಟೆಗೂ ಅದರದೇ ತಾರೀಖು, ಅದರದೇ ದರ ಕೊಡಿ. ಸ್ಕ್ಯಾಟರ್ ಹಾಳೆಯ ಸಾಲಿನ ಕ್ರಮದಲ್ಲೇ ಬಿಂದು ಜೋಡಿಸುವುದರಿಂದ ತಾರೀಖಿನ ಪ್ರಕಾರ ಸಾರ್ಟ್ ಮಾಡಿರಬೇಕು, ಇಲ್ಲದಿದ್ದರೆ ಗೆರೆ ಹಿಂದೆ ಮುಂದೆ ಓಡಾಡುತ್ತದೆ. ಅಕ್ಷದಲ್ಲಿ 00-01-1900 ಕಂಡರೆ ತಾರೀಖಿನ ಕಾಲಂನಲ್ಲಿ ಎಲ್ಲೋ ಒಂದು ಅಕ್ಷರ ಉಳಿದಿದೆ. ಆ ಒಂದಕ್ಕಾಗಿ ಎಕ್ಸೆಲ್ ಇಡೀ ಕಾಲಂ ಬಿಟ್ಟು 1, 2, 3 ಎಂದು ಎಣಿಸಿರುತ್ತದೆ.

ಬೆಂಬಲ ಬೆಲೆಯ ಗೆರೆಗೆ ದಿನಕ್ಕೊಂದು ಸಾಲು ತುಂಬಬೇಕಿಲ್ಲ. ತೊಗರಿಗೆ 2024-25ರಲ್ಲಿ ಕ್ವಿಂಟಲ್‌ಗೆ 7,550 ರೂಪಾಯಿ, 2025-26ರಲ್ಲಿ 8,000 ರೂಪಾಯಿ. ಸ್ಕ್ಯಾಟರ್‌ನಲ್ಲಿ ಪ್ರತಿ ಹಂಗಾಮಿಗೆ ಮೊದಲ ತಾರೀಖು, ಕೊನೆಯ ತಾರೀಖು, ಎರಡೇ ಬಿಂದು ಸಾಕು.

ಮಾರುಕಟ್ಟೆ ಮುಚ್ಚಿದ ದಿನಕ್ಕೆ 0 ಬರೆಯಬೇಡಿ, ಗೆರೆ ನೆಲಕ್ಕೆ ಬೀಳುತ್ತದೆ. ಖಾಲಿ ಉದ್ಧರಣ ಚಿಹ್ನೆ ("") ಕೊಡುವ ಫಾರ್ಮುಲಾ ಕೂಡ ಸೊನ್ನೆಯಾಗಿಯೇ ಮೂಡುತ್ತದೆ. ಅದರ ಬದಲು, ಇಲ್ಲಿ ದರ ಇಲ್ಲ ಎಂದು ತಿಳಿಸುವ ಎನ್‌ಎ (NA) ಫಂಕ್ಷನ್ ಬಳಸಿ. ನಲವತ್ತು ದಿನ ದರವೇ ಇಲ್ಲದ ಕಡೆ ನೇರ ಗೆರೆ ಎಳೆಯುವುದೂ ಸರಿಯಲ್ಲ, ಆ ದಿನಗಳ ದರ ಗೊತ್ತಿದೆ ಎಂಬ ಭಾವನೆ ಬರುತ್ತದೆ. ನಡುವೆ ಒಂದು ತಾರೀಖು ಹಾಕಿ ದರದ ಕೋಶವನ್ನು ಪೂರ್ತಿ ಖಾಲಿ ಬಿಡಿ, ಸೆಲೆಕ್ಟ್ ಡೇಟಾದ ಹಿಡನ್ ಅಂಡ್ ಎಂಪ್ಟಿ ಸೆಲ್ಸ್‌ನಲ್ಲಿ ಗ್ಯಾಪ್ಸ್ ಆರಿಸಿ. ಮಾರ್ಕರ್ ಹಾಕಿದರೆ ನಿಜವಾಗಿ ದರ ಸಿಕ್ಕ ದಿನಗಳು ಎದ್ದು ಕಾಣುತ್ತವೆ.

ಚಾರ್ಟಿನ ಮೂವಿಂಗ್ ಆವರೇಜ್ (ಹಿಂದಿನ ಕೆಲವು ದರಗಳ ಸರಾಸರಿಯ) ಟ್ರೆಂಡ್‌ಲೈನ್‌ನಲ್ಲಿ 7 ಎಂದರೆ ಏಳು ಸಾಲು, ಏಳು ದಿನವಲ್ಲ. ಮಳೆಗಾಲದಲ್ಲಿ ಏಳು ಸಾಲು ಎರಡು ತಿಂಗಳೇ ಆದೀತು. ಷರತ್ತಿಗೆ ಹೊಂದುವ ಸಾಲುಗಳ ಸರಾಸರಿ ಕೊಡುವ ಆವರೇಜ್‌ಇಫ್ಸ್ (AVERAGEIFS) ಫಾರ್ಮುಲಾದಲ್ಲಿ ಆ ಸಾಲಿನ ತಾರೀಖಿನಿಂದ 7 ಕಳೆದದ್ದಕ್ಕಿಂತ ದೊಡ್ಡದು, ಆ ತಾರೀಖಿಗೆ ಸಮ ಅಥವಾ ಚಿಕ್ಕದು ಎಂಬ ಎರಡು ಷರತ್ತು ಕೊಟ್ಟು, ಸರಾಸರಿಯನ್ನು ಬೇರೆ ಕಾಲಂನಲ್ಲಿ ತೆಗೆದು ಚಾರ್ಟಿಗೆ ಸೇರಿಸಿ.