ಭಾನುವಾರ ಬೆಣ್ಣೆ ದೋಸೆಗೆ ಜಾಗ ಹಿಡಿಯುವುದು

ದಾವಣಗೆರೆಯಲ್ಲಿ ನಾನು ಹೋಗುವ ಬೆಣ್ಣೆ ದೋಸೆ ಹೋಟೆಲ್‌ನಲ್ಲಿ ಟೋಕನ್ ಇಲ್ಲ, ಹೆಸರು ಬರೆದುಕೊಳ್ಳುವವರಿಲ್ಲ, ಸಾಲಂತೂ ಇಲ್ಲವೇ ಇಲ್ಲ. ಯಾರ ಕುರ್ಚಿಯ ಹಿಂದೆ ನಿಂತಿರೋ ಆ ಜಾಗ ನಿಮ್ಮದು. ತಿನ್ನುವವರ ಬೆನ್ನಿಗೆ ನಿಲ್ಲುವುದು ಹೊರಗಿನವರಿಗೆ ಮುಜುಗರ. ಇಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅವರೂ ಹಾಗೇ ನಿಂತು ಕೂತವರು ತಾನೇ?

ತಟ್ಟೆಯಲ್ಲಿ ದೋಸೆ ಎಷ್ಟು ಉಳಿದಿದೆ ಅಂತ ನೋಡಿ ನಿಂತರೆ ಕೆಟ್ಟಿರಿ. ಒಂದೇ ದೋಸೆಗೆ ಏಳುವವರು ಕಡಿಮೆ. ಬೆಣ್ಣೆ ದೋಸೆ ಮುಗಿಸಿ ಖಾಲಿ ದೋಸೆ ಹೇಳುತ್ತಾರೆ. ಮತ್ತೆ ಚಟ್ನಿ ಹಾಕಿಸಿಕೊಂಡರೆ ನಾನು ಆ ಕುರ್ಚಿ ಬಿಟ್ಟು ಸರಿಯುತ್ತೇನೆ. ಟೀ ಕುಡಿಯುತ್ತಿರುವವರ ಹಿಂದೆ ನಿಲ್ಲಿ.

ಆಮೇಲೆ ಹಂಚು ನೋಡಬೇಕು. ದೋಸೆ ಇಲ್ಲಿ ಒಬ್ಬೆ ಒಬ್ಬೆಯಾಗಿ ಏಳುತ್ತದೆ. ಕಟ್ಟಿಗೆ ಒಲೆ, ಮೇಲೆ ದೊಡ್ಡ ಕಬ್ಬಿಣದ ಹಂಚು. ನೀರು ಚಿಮುಕಿಸಿ, ಪೊರಕೆಯಲ್ಲಿ ಗುಡಿಸಿ, ಸಾಲಾಗಿ ಹಿಟ್ಟು ಹುಯ್ಯುತ್ತಾರೆ. ಅಕ್ಕಿ, ಉದ್ದಿನಬೇಳೆ ಜೊತೆ ಮಂಡಕ್ಕಿಯನ್ನೂ ನೆನೆಸಿ ರುಬ್ಬಿದ ಹಿಟ್ಟು. ಮಂಡಕ್ಕಿ ಭಟ್ಟಿಗಳ ಊರಲ್ಲಿ ದೋಸೆಗೂ ಮಂಡಕ್ಕಿ ಬೀಳದೇ ಇರುತ್ತದಾ? ಬೆಣ್ಣೆ ಬಿದ್ದ ಕೂಡಲೇ ಚುರ್ ಅನ್ನುತ್ತದೆ, ಕರಗಿ ತೂತುಗಳೊಳಗೆ ಇಳಿಯುತ್ತದೆ, ಅಂಚು ಕೆಂಪಗಾಗುತ್ತದೆ. ಹಿಟ್ಟು ಹುಯ್ಯುವ ಮೊದಲೇ ನಿಮ್ಮ ಆರ್ಡರ್ ಒಳಗೆ ಹೋಗಿರಬೇಕು, ಇಲ್ಲಾಂದ್ರೆ ಮುಂದಿನ ಒಬ್ಬೆಗೇ. ಅದಕ್ಕೇ ನಾನು ನಿಂತಲ್ಲಿಂದಲೇ ಸಪ್ಲೈಯರ್‌ಗೆ, "ಅಣ್ಣಾ, ಎರಡು ಬೆಣ್ಣೆ, ಒಂದು ಖಾಲಿ" ಅಂದುಬಿಡುತ್ತೇನೆ. ಕೂರುವ ಹೊತ್ತಿಗೆ ತಟ್ಟೆ ಬರುತ್ತದೆ.

ಮನೆಯವರೆಲ್ಲ ಒಂದೇ ಟೇಬಲ್ ಅಂತ ಹಟ ಹಿಡಿದರೆ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ. ನಾವು ಇಬ್ಬಿಬ್ಬರಾಗಿ ಹಂಚಿಹೋಗುತ್ತೇವೆ. ನಮ್ಮ ಅತ್ತೆಯವರಿಗೆ ಇದೇ ಇಷ್ಟ. ಗುರುತಿಲ್ಲದವರ ಎದುರು ಕೂತು, ಅವರ ಮಗಳಿಗೆ ಗಂಡು ಗೊತ್ತಾಯಿತಾ ಅನ್ನುವವರೆಗೂ ವಿಚಾರಿಸಿಕೊಂಡೇ ಏಳುತ್ತಾರೆ.

ಒಂಬತ್ತೂವರೆಯಿಂದ ಹನ್ನೊಂದು, ಆ ಹೊತ್ತು ಬೇಡವೇ ಬೇಡ. ಬಾಗಿಲ ಹತ್ತಿರ ಪಾರ್ಸೆಲ್‌ಗೆ ಚೀಲ ಹಿಡಿದವರು ಜಾಸ್ತಿ ಕಂಡರೂ ಗಾಡಿ ಬೇರೆ ಹೋಟೆಲ್‌ಗೆ ತಿರುಗಿಸಿ. ಅರ್ಧ ಒಬ್ಬೆ ಅವರಿಗೇ ಹೋಗುತ್ತದೆ. ನಾನಂತೂ ಪಾರ್ಸೆಲ್ ತರುವುದಿಲ್ಲ. ಕಟ್ಟಿದ ಹಬೆಗೆ ದೋಸೆ ಮೆತ್ತಗಾಗಿ, ಬೆಣ್ಣೆಯೆಲ್ಲ ಪೇಪರ್‌ಗೆ ಅಂಟಿರುತ್ತದೆ. ಅರಿಶಿನ ಹಾಕದ ಆ ಬಿಳಿ ಆಲೂಗಡ್ಡೆ ಪಲ್ಯ ಮಾತ್ರ ಕಟ್ಟಿಸಿಕೊಳ್ಳಬಹುದು, ಮಧ್ಯಾಹ್ನ ಚಪಾತಿಗೆ ಆಗುತ್ತದೆ.