ಅಮೆರಿಕದಲ್ಲಿ ಡಿಸೆಬಿಲಿಟಿ ಕ್ಲೇಮ್ ತಿರಸ್ಕಾರವಾಯಿತೇ? ಕೋರ್ಟಿಗಿಂತ ಮೊದಲು ಫೈಲ್ ಗಟ್ಟಿ ಮಾಡಿ

ಅಮೆರಿಕದ ಖಾಸಗಿ ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮ ಕನ್ನಡಿಗರಿಗೂ ಇದು ಬೇಕಾದ ವಿಷಯ. ಕಾಯಿಲೆ ಬಿದ್ದು ಕೆಲಸ ನಿಂತಿದೆ, ಕಂಪನಿಯ ಡಿಸೆಬಿಲಿಟಿ ಪ್ಲ್ಯಾನ್‌ನಲ್ಲಿ (ದುಡಿಯಲಾಗದವರಿಗೆ ಭತ್ಯೆ ಕೊಡುವ ಯೋಜನೆ) ಹಾಕಿದ ಕ್ಲೇಮ್ ತಿರಸ್ಕಾರವಾಗಿದೆ. ಆಗ "ಹೇಗೂ ಜಡ್ಜ್ ಮುಂದೆ ಎಲ್ಲ ಹೇಳಬಹುದು" ಅಂದುಕೊಂಡು, ಕೋರ್ಟಿಗೆ ಮೊದಲು ಪ್ಲ್ಯಾನ್‌ನವರಿಗೇ ಹಾಕುವ ಅಪೀಲಿಗೆ ಎರಡು ಸಾಲು ಗೀಚಿ ಕಳಿಸಬೇಡಿ. ಖಾಸಗಿ ಕಂಪನಿಗಳು ಉದ್ಯೋಗಿಗಳಿಗೆ ಕೊಡುವ ಇಂಥ ಪ್ಲ್ಯಾನ್‌ಗಳ ಕಾನೂನಾದ 1974ರ ಎರಿಸಾ (ERISA) ಕಾಯ್ದೆಯ ಕೇಸುಗಳಲ್ಲಿ ಜಡ್ಜ್ ಸಾಮಾನ್ಯವಾಗಿ ಓದುವುದು ಅಪೀಲು ಮುಗಿಯುವವರೆಗೆ ಫೈಲಿಗೆ ಸೇರಿದ ಕಾಗದವನ್ನಷ್ಟೇ.

ಮೊದಲು ಪ್ಲ್ಯಾನ್‌ನ ಪೂರ್ತಿ ದಾಖಲೆ ತರಿಸಿಕೊಳ್ಳಿ. ಅರ್ಹತೆ ತೀರ್ಮಾನಿಸುವ ವಿವೇಚನೆ ಪ್ಲ್ಯಾನ್ ನಡೆಸುವ ಆಡಳಿತಗಾರರದ್ದು ಅಂತ ಬರೆದಿದೆಯೇ, ಹುಡುಕಿ. ಇಲ್ಲದಿದ್ದರೆ ಕೋರ್ಟ್ ಹೊಸದಾಗಿ ತಾನೇ ನೋಡುತ್ತದೆ. ಇದ್ದರೆ, ಆ ತೀರ್ಮಾನಕ್ಕೆ ತಕ್ಕ ಆಧಾರ ಇತ್ತೇ ಅಂತ ಮಾತ್ರ ನೋಡುತ್ತದೆ. ಅಮೆರಿಕದ ಸುಪ್ರೀಂ ಕೋರ್ಟಿನ 1989ರ ಫೈರ್‌ಸ್ಟೋನ್ ತೀರ್ಪಿನಿಂದ ಬಂದ ನಿಯಮ ಇದು. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳಲ್ಲಿ ಡಿಸೆಬಿಲಿಟಿ ಪಾಲಿಸಿಯಲ್ಲಿ ಈ ವಿವೇಚನೆಯ ಮಾತು ಹಾಕಿದರೂ ನಡೆಯುವುದಿಲ್ಲ.

ಆಮೇಲೆ, ದುಡ್ಡು ಕೊಡುವವರು ಯಾರು ನೋಡಿ. ತೀರ್ಮಾನಿಸುವುದೂ ಅವರೇ, ಜೇಬಿನಿಂದ ಕೊಡಬೇಕಾದವರೂ ಅವರೇ ಆದರೆ ತಿರಸ್ಕರಿಸಿದಷ್ಟೂ ಅವರಿಗೇ ಲಾಭ ಅಲ್ವಾ? 2008ರಲ್ಲಿ ತೀರ್ಪಾದ, ಇನ್ಶೂರೆನ್ಸ್ ಕಂಪನಿ ಮೆಟ್‌ಲೈಫ್ ಮತ್ತು ಗ್ಲೆನ್ ಎಂಬಾಕೆಯ ನಡುವಿನ ಕೇಸಿನಲ್ಲಿ ಹೀಗೇ ಇತ್ತು. ಹೃದ್ರೋಗವಿದ್ದ ಗ್ಲೆನ್‌ಗೆ, ಸೋಶಿಯಲ್ ಸೆಕ್ಯುರಿಟಿಗೆ (ಸರ್ಕಾರದ ಭತ್ಯೆ ಯೋಜನೆ) ಅರ್ಜಿ ಹಾಕಿ ಅಂತ ಹೇಳಿದ್ದು ಇನ್ಶೂರೆನ್ಸ್ ಕಂಪನಿಯೇ. ಯಾವ ಕೆಲಸವೂ ಆಗದು ಅಂತ ಅಲ್ಲಿ ತೀರ್ಮಾನವಾಗಿ ಹಿಂಬಾಕಿ ಬಂತು, ಅದರಲ್ಲಿ ಮುಕ್ಕಾಲು ಪಾಲು ಇನ್ಶೂರೆನ್ಸ್ ಕಂಪನಿಗೆ ಹೋಯಿತು, ಮಿಕ್ಕಿದ್ದು ವಕೀಲರಿಗೆ, ಆಕೆಗೆ ಏನೂ ಉಳಿಯಲಿಲ್ಲ. ಮುಂದೆ ಅದೇ ಕಂಪನಿ, ಕೂತು ಮಾಡುವ ಕೆಲಸ ಮಾಡಬಲ್ಲಿರಿ ಅಂತ ಭತ್ಯೆ ನಿಲ್ಲಿಸಿತು! ತನಗೆ ಅನುಕೂಲವಾದ ವರದಿಯನ್ನು ಎತ್ತಿ ಹಿಡಿಯಿತು, ತನ್ನದೇ ತಜ್ಞರಿಗೂ ಎಲ್ಲ ದಾಖಲೆ ಕೊಡಲಿಲ್ಲ. ಸುಪ್ರೀಂ ಕೋರ್ಟಿನಲ್ಲಿ ಆಕೆ ಗೆದ್ದರು. ಆದರೆ ಹಿತಾಸಕ್ತಿಯ ತಿಕ್ಕಾಟ ಒಂದೇ ಸಾಲದು, ಉಳಿದ ಅಂಶಗಳ ಜೊತೆ ಅದನ್ನೂ ತೂಗಬೇಕು ಅಂದಿತು ಕೋರ್ಟ್. ಪಕ್ಷಪಾತದ ಹಳೇ ಚರಿತ್ರೆ ಇದ್ದರೆ ತೂಕ ಜಾಸ್ತಿ. ಕ್ಲೇಮ್ ನೋಡುವವರನ್ನು ಹಣಕಾಸಿನವರಿಂದ ದೂರ ಇಟ್ಟಿದ್ದರೆ ಕಮ್ಮಿ.

ಹಾಗಾಗಿ ನಿಜವಾದ ಕೆಲಸ ಅಪೀಲಿನಲ್ಲೇ. ಡಿಸೆಬಿಲಿಟಿ ಕ್ಲೇಮ್‌ಗೆ ಕನಿಷ್ಠ 180 ದಿನ ಇರುತ್ತದೆ. ನಿಮ್ಮ ಕ್ಲೇಮ್ ಫೈಲನ್ನು ಕೇಳಿ, ಉಚಿತವಾಗಿ ಕೊಡಲೇಬೇಕು. ಅವರ ಡಾಕ್ಟರು ಯಾವ ವರದಿ ನೋಡಿಲ್ಲ ಅಂತ ಒಂದೊಂದಾಗಿ ಗುರುತು ಹಾಕಿ ಅಪೀಲಿನಲ್ಲಿ ಬರೆಯಿರಿ. ನಿಮ್ಮ ಡಾಕ್ಟರಿಂದ "ಕೆಲಸ ಆಗದು" ಅಂತ ಸುಮ್ನೆ ಚೀಟಿ ತರಬೇಡಿ. ಎಷ್ಟು ಹೊತ್ತು ಕೂರಬಲ್ಲರು, ಎಷ್ಟು ಭಾರ ಎತ್ತಬಲ್ಲರು, ಯಾವ ಪರೀಕ್ಷೆಯಿಂದ ಹಾಗೆ ಗೊತ್ತಾಯಿತು, ಎಲ್ಲ ಬರೆಸಿ. ಚಿಕಿತ್ಸೆ ಕೊಟ್ಟ ಡಾಕ್ಟರ ಮಾತಿಗೆ ವಿಶೇಷ ಮನ್ನಣೆ ಕೊಡಬೇಕಿಲ್ಲ ಅಂತ 2003ರಲ್ಲೇ ತೀರ್ಪಾಗಿದೆ.

ಕೋರ್ಟಿನಲ್ಲಿ ಗೆದ್ದರೂ ಕೆಲವೊಮ್ಮೆ ಕ್ಲೇಮ್ ಮತ್ತೆ ಅದೇ ಆಡಳಿತಗಾರರ ಮೇಜಿಗೆ ವಾಪಸ್ ಹೋಗುತ್ತದೆ. ಇನ್ನು ದಾವೆ ಹಾಕುವ ಗಡುವು. ಅಪೀಲು ಮುಗಿಯುವ ಮೊದಲೇ ಅದರ ಎಣಿಕೆ ಶುರುವಾಗುವಂತೆ ಪ್ಲ್ಯಾನ್‌ನಲ್ಲಿ ಬರೆದಿರಬಹುದು, 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ಒಪ್ಪಿದೆ. ಆ ಪುಟವನ್ನು ಅಪೀಲು ಬರೆಯುವ ಮೊದಲೇ ವಕೀಲರಿಗೆ ತೋರಿಸಿ.